ಸುಣ್ಣಕ್ಕೆ ನೀರು ಹೊಯ್ದವಳು

ಓಬಕ್ಕನ ಕಣ್ಣು ಸುಟ್ಟವಳು ನಾನು. ಸುಣ್ಣದ ತಿಪ್ಪಣ್ಣ ಅಲ್ಲ.

ಹನ್ನೊಂದು ವರ್ಷ ಈ ಮಾತು ನನ್ನ ಬಾಯಿಂದ ಹೊರಗೆ ಬರಲಿಲ್ಲ. ಊರೆಲ್ಲ ತಿಪ್ಪಣ್ಣನ ಹೆಸರೆತ್ತಿ ಉಗುಳಿತು. ಉಗುಳುವವರ ನಡುವೆ ನಾನೂ ನಿಂತಿದ್ದೆ. ಕಣ್ಣಿಲ್ಲದ ನೆರೆಮನೆಯವಳಿಗೆ ದಿನ ಬೆಳಗಾದರೆ ನೀರು ತಂದುಕೊಡುವ ಪುಣ್ಯವಂತೆ ಎಂದು ಅದೇ ಊರು ನನ್ನನ್ನು ಹೊಗಳಿತು. ಆ ಹೊಗಳಿಕೆಯನ್ನೂ ನಾನು — ಬೇಡ ಅನ್ನಲಿಲ್ಲ. ಸೊಸೆಯರಿಗೆ ಬುದ್ಧಿ ಹೇಳುವ ಅತ್ತೆಯರು "ಹಾಲಮ್ಮನ್ನ ನೋಡಿ ಕಲೀರಿ" ಅನ್ನುತ್ತಿದ್ದರು. ಅವರೆಲ್ಲ ಇದನ್ನು ಓದಲಿ, ಓದಲು ಬಾರದವರು ಓದಿಸಿಕೊಂಡು ಕೇಳಲಿ ಎಂದು ಬರೆಯುತ್ತಿದ್ದೇನೆ. ನನ್ನ ತಂದೆ ಕೂಲಿಮಠದ ಐಗಳು. ಅವರು ಕಲಿಸಿದ ನಾಲ್ಕಕ್ಷರದಿಂದ ಇಷ್ಟು ದಿನ ಊರವರ ಕಾಗದಗಳನ್ನು ಬರೆದುಕೊಟ್ಟೆ, ಬಂದ ಕಾಗದಗಳನ್ನು ಓದಿ ಹೇಳಿದೆ. ನನ್ನದೇ ಒಂದು ಸಂಗತಿ ಬರೆಯುತ್ತಿರುವುದು ಇದೇ ಮೊದಲು.

ನಮ್ಮೂರು ಜಗಳೂರಿನಿಂದ ಎರಡು ಹರದಾರಿ. ಊರ ನಡುವೆ ಒಂದು ಬಾವಿ. ಅದರ ನೀರು ಸೌಳು — ಬೇಳೆ ಹಾಕಿ ಹೊತ್ತು ಏರುವವರೆಗೆ ಉರಿ ಮಾಡಿದರೂ ಬೇಯದು. ಬೇಸಿಗೆ ಬಂದರೆ ಅದೂ ಬತ್ತಿ ತಳದ ಕೆಸರು ಕಾಣುತ್ತಿತ್ತು. ಆಗ ಒಂದೂವರೆ ಮೈಲಿ ದೂರದ ಹಳ್ಳಕ್ಕೆ ಹೋಗಬೇಕು. ಮರಳಿನಲ್ಲಿ ತೋಡಿದ ವರತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಊರಿದಷ್ಟು ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಬೇಕು. ಒಂದು ಕೊಡ ತುಂಬುವಷ್ಟರಲ್ಲಿ ನೆತ್ತಿ ಸುಡುತ್ತಿತ್ತು. ನಾನು ಹದಿನಾರನೇ ವಯಸ್ಸಿಗೆ ಈ ಊರಿಗೆ ಸೊಸೆಯಾಗಿ ಬಂದಾಗ, ವರತೆಯ ದಾರಿ ತೋರಿಸಿದವಳು ಓಬಕ್ಕ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನನಗಿಂತ ಐದಾರು ವರ್ಷ ದೊಡ್ಡವಳು. ಚಿಪ್ಪಿನಲ್ಲಿ ಮರಳು ಬರದ ಹಾಗೆ ಮೊಗೆಯುವುದು, ಸಿಂಬಿ ಸುತ್ತುವುದು, ಎರಡು ಕೊಡ ಒಂದರ ಮೇಲೊಂದು ಇಟ್ಟು ಕೈಬಿಟ್ಟು ನಡೆಯುವುದು, ಅತ್ತೆಯ ಮಾತಿಗೆ ಎದುರಾಡದೆ ನಕ್ಕು ಜಾರಿಕೊಳ್ಳುವುದು — ಎಲ್ಲ ಕಲಿಸಿದ್ದು ಅವಳೇ. ಅವಳು ಹೊಲಿದ ಕೌದಿ ನೋಡಲು ಪಕ್ಕದ ಹಳ್ಳಿಗಳಿಂದ ಹೆಂಗಸರು ಬರುತ್ತಿದ್ದರು. ಅಷ್ಟು ಸಣ್ಣ ಹೊಲಿಗೆ, ಅಷ್ಟು ನೇರ.

ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು, ಒಂದು ಬೇಸಿಗೆಯಲ್ಲಿ, ನಮ್ಮ ಕೇರಿಯ ಹಿರಿಯ ಸಿದ್ದಜ್ಜ ಎಲ್ಲರನ್ನೂ ಚಾವಡಿಗೆ ಕರೆಸಿದ. ದಾವಣಗೆರೆಗೆ ಹೋಗಿದ್ದಾಗ ಒಬ್ಬ ಸಾಹುಕಾರರ ಮನೆಯಲ್ಲಿ ನೆಲದೊಳಗೆ ತೊಟ್ಟಿ ಕಟ್ಟಿ ಮಾಳಿಗೆಯ ಮಳೆನೀರು ಹಿಡಿದಿದ್ದನ್ನು ಅವನು ನೋಡಿ ಬಂದಿದ್ದ.

"ನಮ್ಮ ಮಾಳಿಗೆ ಮ್ಯಾಲೆ ಬಿದ್ದ ನೀರನ್ನ ಬೀದಿಗೆ ಬಿಡ್ತೀವಿ. ಬೀದಿ ಅದನ್ನ ಹಳ್ಳಕ್ಕೆ ಬಿಡ್ತೈತೆ. ಆಮ್ಯಾಲೆ ಹೆಂಗಸರ ತಲೆ ಮ್ಯಾಲೆ ಕೊಡ ಇಟ್ಟು, ಹೋಗಿ ತಗಂಬರ್ರಿ ಅಂತೀವಿ. ನಮ್ಮಂಥ ಜಾಣರು ಎಲ್ಲಿದಾರೆ ಹೇಳ್ರಿ?" ಎಂದ.

ಜೋಳ ತುಂಬುವ ಹಗೇವು ನಮ್ಮವರಿಗೆ ಹೊಸದಲ್ಲ. ನೆಲ ತೋಡುವುದು ಗೊತ್ತಿತ್ತು. ಒಳಗೆ ಗಾರೆ ಬಳಿದು ನೀರು ನಿಲ್ಲಿಸುವುದು ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ಸಿದ್ದಜ್ಜ ದಾವಣಗೆರೆಯಿಂದ ಆ ತೊಟ್ಟಿ ಕಟ್ಟಿದವನನ್ನೇ ಕರೆತಂದ. ಅವನೇ ತಿಪ್ಪಣ್ಣ. ಊರು ಹೊನ್ನಾಳಿ ಕಡೆಯ ಸಾಸ್ವೆಹಳ್ಳಿ.

ಕೇರಿಯಲ್ಲಿ ಹದಿನಾಲ್ಕು ಮನೆ. ಮನೆಗೊಬ್ಬ ಗಂಡಸು, ಒಬ್ಬ ಹೆಂಗಸು ದಿನಾ ಬರಬೇಕು. ಯಾರ ಮನೆಯ ತೊಟ್ಟಿಯಾದರೂ ಎಲ್ಲರೂ ಸೇರಿ ಮುಗಿಸಬೇಕು. ಮುಗಿದ ಮೇಲೆ ಮುಂದಿನ ಮನೆ. ಮೂಡಲ ತುದಿಯಿಂದ ಸಾಲಾಗಿ ಬರುವುದು ಎಂದು ತೀರ್ಮಾನವಾಯಿತು. ಓಬಕ್ಕನದು ಏಳನೇ ಮನೆ. ನಮ್ಮದು ಎಂಟನೆಯದು.

ಯುಗಾದಿ ಕಳೆದ ಮೇಲೆ ಕೆಲಸ ಹಿಡಿದೆವು. ಗಂಡಸರು ಅಗೆದರು, ಕಲ್ಲು ಕಟ್ಟಿದರು. ಹೆಂಗಸರು ನೀರು ಹೊತ್ತು ತಂದೆವು. ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಒನಕೆಯಲ್ಲಿ ಕುಟ್ಟಿದೆವು. ಓಬಕ್ಕ ಹಾಡು ಎತ್ತುವಳು, ನಾವು ಹಿಡಿಯುವೆವು. ತಿಪ್ಪಣ್ಣ ಗುಂಡಿಯೊಳಗೆ ಕೂತೇ ಒನಕೆಯ ಸದ್ದು ಕೇಳಿ ಹೇಳುತ್ತಿದ್ದ: "ಇನ್ನೂ ಕರಕರ ಅಂತೈತಲ್ರವ್ವಾ, ಬೆಣ್ಣೆ ಆಗ್ಬೇಕು, ಕುಟ್ರಿ." ಒಣಕಲು ಮೈ, ಸೀಳಿದ ಕೈ, ಮೊಣಕಾಲವರೆಗೆ ಬಿಳಿ ಹಿಡಿದ ಕಾಲು. ಯಾರ ಮುಖವನ್ನೂ ನೆಟ್ಟಗೆ ನೋಡಿ ಮಾತಾಡುವವನಲ್ಲ. ಒಂದು ವಿಷಯದಲ್ಲಿ ಮಾತ್ರ ಅವನ ದನಿ ಏರುತ್ತಿತ್ತು. ಸುಟ್ಟ ಸುಣ್ಣದ ಕಲ್ಲಿನ ಗುಂಡಿಯ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ.

"ಸುಟ್ಟ ಕಲ್ಲು ಸುಮ್ನೆ ಮಲಗಿರ್ತೈತೆ. ನೀರು ಕಂಡ್ರೆ ಎದ್ದು ಮೈಮ್ಯಾಲೆ ಬರ್ತೈತೆ. ನಾನಿಲ್ದಾಗ ಯಾರೂ ನೀರು ಹೊಯ್ಬ್ಯಾಡ್ರಿ, ಕೈ ಮುಗೀತೀನಿ."

ಸಂಜೆ ಎಲ್ಲರನ್ನೂ ಮನೆಗೆ ಕಳಿಸಿ, ಮಕ್ಕಳನ್ನು ಓಡಿಸಿ, ಆಮೇಲೆ ಅವನೊಬ್ಬನೇ ಸುಣ್ಣಕ್ಕೆ ನೀರು ಬಿಡುತ್ತಿದ್ದ.

ಮೂರನೇ ಮನೆಯ ಕೆಲಸ ನಡೆಯುವಾಗ ಒಂದು ಅಡ್ಡಮಳೆ ಬಂತು. ಮೊದಲ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಸಿದ್ದಜ್ಜ ಬಟ್ಟೆಯಲ್ಲಿ ಸೋಸಿಸಿ ಎಲ್ಲ ಮನೆಗೂ ಒಂದೊಂದು ತಂಬಿಗೆ ಕೊಡಿಸಿದ. ಅವತ್ತು ಕೇರಿಯ ಹದಿನಾಲ್ಕು ಒಲೆಯ ಮೇಲೂ ಬೇಳೆ ಬೆಂದಿತು — ಕೈಯಲ್ಲಿ ಹಿಸುಕಿದರೆ ಕರಗುವ ಹಾಗೆ. ನನ್ನ ಅತ್ತೆ ಸಾರು ಸುರಿದುಕೊಂಡು ಅತ್ತೇಬಿಟ್ಟಳು. ನಾವು ಬೇರೆ ಬೇರೆ ಮನೆಯವರು ಅನ್ನುವುದೇ ಮರೆತಂತಿದ್ದ ದಿನಗಳು ಅವು. ನಾನು ಹಾಳು ಮಾಡಿದ್ದು ಏನನ್ನು ಎಂದು ತಿಳಿಯಲಿ ಅಂತ ಇದನ್ನು ಹೇಳುತ್ತಿದ್ದೇನೆ.

ಆರು ಮನೆ ಮುಗಿಯಿತು. ಓಬಕ್ಕನ ತೊಟ್ಟಿ ತೋಡಿ, ಕಲ್ಲು ಕಟ್ಟಿ ಆಗಿತ್ತು, ಗಾರೆ ಉಳಿದಿತ್ತು. ಅಷ್ಟರಲ್ಲಿ ಪಡುವಣದ ಕಡೆ ಮೋಡ ಕಟ್ಟತೊಡಗಿತು. ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ಎಲ್ಲರೂ ಬಿತ್ತನೆಗೆ ಹೋಗುತ್ತಾರೆ, ಉಳಿದ ಮನೆಗಳು ಮುಂದಿನ ಬೇಸಿಗೆಗೆ. ನಮ್ಮದು ಆ ಗೆರೆಯ ಮೇಲೆಯೇ ನಿಂತಿತ್ತು — ಒಂದು ದಿನ ಉಳಿದರೆ ನಮ್ಮದೂ ಆದೀತು, ಒಂದು ದಿನ ತಪ್ಪಿದರೆ ಆಗದು. ಅತ್ತೆ ಬೆಳಿಗ್ಗೆಯೇ ಅಂದಿದ್ದಳು: "ಗೋಡೆ ಆಚೆ ತೊಟ್ಟಿ, ಗೋಡೆ ಈಚೆ ಕೊಡ. ಚೆಂದ ಐತೆ ನಮ್ಮ ಹಣೇಬರ." ಅವಳ ಮಾತಿನಿಂದ ಮಾಡಿದೆ ಅನ್ನಲಾರೆ. ನನಗೇ ಬೇಕಿತ್ತು. ನನ್ನ ಅಂಗಳದಲ್ಲಿ ನೀರಿರಬೇಕು, ನಾನು ಹಳ್ಳಕ್ಕೆ ಹೋಗಬಾರದು — ಅಷ್ಟೇ ತಲೆಯಲ್ಲಿತ್ತು.

ಮಧ್ಯಾಹ್ನ ಉಣ್ಣಲು ಎಲ್ಲರೂ ಮನೆಗೆ ಹೋದರು. ತಿಪ್ಪಣ್ಣ ಸಣ್ಣ ಮರಳು ಆರಿಸಿ ತರಲು ಹಳ್ಳಕ್ಕೆ ಹೋಗಿದ್ದ. ಸುಣ್ಣದ ಗುಂಡಿಯಲ್ಲಿ ಸುಟ್ಟ ಕಲ್ಲು ತುಂಬಿ ಮೇಲೆ ಗೋಣಿ ಮುಚ್ಚಿತ್ತು. ಸಂಜೆಗೆಂದು ಹೊತ್ತು ತಂದ ನಾಲ್ಕು ಕೊಡ ನೀರು ಪಕ್ಕದಲ್ಲೇ ಇತ್ತು. ಸಂಜೆ ಹೊಯ್ಯುವುದನ್ನು ಈಗಲೇ ಹೊಯ್ದರೆ ಅವನು ಬರುವ ಹೊತ್ತಿಗೆ ಸುಣ್ಣ ಅರಳಿರುತ್ತದೆ. ನಾಳೆ ಮಾಡುವ ಕೆಲಸ ಇವತ್ತೇ ಆಗುತ್ತದೆ. ಬೈದರೆ ಬೈಯಲಿ ಅಂದುಕೊಂಡೆ.

ಗೋಣಿ ಸರಿಸಿ ನಾಲ್ಕೂ ಕೊಡ ಹೊಯ್ದೆ.

ಏನೂ ಆಗಲಿಲ್ಲ. ಕಲ್ಲು ನೀರು ಕುಡಿದು ಸುಮ್ಮನಿತ್ತು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಒಳಗೆಲ್ಲೋ ಸಣ್ಣಗೆ ಚಟ್ ಅಂದಿತು, ಒಂದೆಳೆ ಹಬೆ ಎದ್ದಿತು. ನನಗೆ ದಿಗಿಲಾಯಿತು. ಗೋಣಿಯನ್ನು ಮತ್ತೆ ಮೇಲೆ ಎಳೆದು ಮನೆಯೊಳಕ್ಕೆ ಓಡಿದೆ. ಅಲ್ಲೇ ನಿಂತಿದ್ದರೆ — ಯಾರನ್ನೂ ಹತ್ತಿರ ಬರಬೇಡಿ ಅನ್ನಬಹುದಿತ್ತು. ನಿಲ್ಲಲಿಲ್ಲ.

ಓಬಕ್ಕ ತನ್ನ ಒಂದೂವರೆ ವರ್ಷದ ಮಗಳು ಪಾರ್ವತಿಯನ್ನು ತೊಟ್ಟಿಲಿಗೆ ಹಾಕಿ ಎಲ್ಲರಿಗಿಂತ ಮುಂಚೆ ಬಂದಳು. ಗೋಣಿಯಿಂದ ಹೊಗೆಯಂತೆ ಏಳುತ್ತಿರುವುದನ್ನು ಕಂಡು, ಬೆಂಕಿ ಹತ್ತಿತು ಎಂದು ಬಗ್ಗಿ ಅದನ್ನು ಎಳೆದಳು. ಕುದಿಯುತ್ತಿದ್ದ ಸುಣ್ಣ ಸಿಡಿದು ಮುಖಕ್ಕೆ ಬಂತು.

ಆ ಕೂಗು ಕೇಳಿ ಮೊದಲು ಬಂದವಳು ನಾನೇ. ನೆಲದ ಮೇಲೆ ಹೊರಳಾಡುತ್ತಿದ್ದಳು. "ನೀರು ತಾರೇ ಹಾಲಿ, ನೀರು, ಕಣ್ಣು ಉರಿತೈತೆ." ನಾಲ್ಕು ಕೊಡವೂ ಬರಿದಾಗಿ ಬಿದ್ದಿದ್ದವು. ಮನೆಗೆ ಓಡಿ ಕುಡಿಯುವ ನೀರಿನ ತಂಬಿಗೆ ತಂದೆ. ಅಷ್ಟರಲ್ಲಿ ನೆರೆದಿದ್ದ ಮುದುಕಿಯರು ನನ್ನ ಕೈ ಹಿಡಿದರು. "ಸುಣ್ಣಕ್ಕೆ ನೀರು ಹಾಕ್ತೀಯೇನೇ ಹುಚ್ಚಿ? ಇನ್ನೂ ಸುಡ್ತೈತೆ. ಹರಳೆಣ್ಣೆ ತರ್ರಿ." ತಂಬಿಗೆ ಹಿಡಿದುಕೊಂಡೇ ನಿಂತೆ. ನೀರು ಸುಣ್ಣಕ್ಕೆ ಏನು ಮಾಡುತ್ತದೆ ಎಂದು ಆಗತಾನೇ ಕಂಡಿದ್ದೆನಲ್ಲ — ಅವರು ಹೇಳಿದ್ದೇ ನಿಜ ಅನ್ನಿಸಿತು.

ಆಗ ತಿಪ್ಪಣ್ಣ ಬಂದ. ಊರ ಬಾಯಲ್ಲೇ ಕೂಗು ಕೇಳಿ ಮರಳಿನ ಮಂಕರಿ ಎಸೆದು ಓಡಿಬಂದಿದ್ದ. ಬರುತ್ತಲೇ ಒದರಿದ:

"ನೀರು ಹೊಯ್ರಿ! ಕಣ್ಣಿಗೆ ನೀರು ಹೊಯ್ರಿ! ಎಲ್ಲರ ಮನ್ಯಾಗ ಇರೋದನ್ನೆಲ್ಲ ತಂದು ಹೊಯ್ರಿ. ಎಣ್ಣೆ ಹಚ್ಚಬ್ಯಾಡ್ರಿ, ಕಣ್ಣು ಹೋಗ್ತಾವೆ!"

ಸಿದ್ದಜ್ಜ ಅವನ ತೋಳು ಹಿಡಿದು ನಿಲ್ಲಿಸಿದ. "ಮೊದಲು ಇದನ್ನ ಹೇಳು. ಸುಣ್ಣಕ್ಕೆ ನೀರು ಹೊಯ್ದು ಹೋಗಿದ್ದು ನೀನಾ?"

"ಇಲ್ರಿ ಯಜಮಾನ್ರೆ. ಒಣಾ ಕಲ್ಲಿಗೆ ಗೋಣಿ ಮುಚ್ಚಿ ಹೋಗಿದ್ದೆ. ಅದನ್ನ ಆಮ್ಯಾಲೆ ಕೇಳ್ರಿ, ಮೊದಲು ನೀರು…"

"ನೀರು ತಾನೇ ನಡಕೊಂಡು ಬಂತಾ ಗುಂಡಿಗೆ?" ಸಿದ್ದಜ್ಜ ನನ್ನ ಕಡೆ ತಿರುಗಿದ. "ಹಾಲಮ್ಮ, ನೀನು ಇಲ್ಲೇ ಇದ್ದೆಯಲ್ಲವ್ವ. ಯಾರು ಹೊಯ್ದಿದ್ದು?"

ಎಲ್ಲರೂ ನನ್ನನ್ನೇ ನೋಡಿದರು.

"ಅವರೇ ಹೊಯ್ದು ಹೋದ್ರು" ಎಂದೆ.

ತಿಪ್ಪಣ್ಣ ಅವತ್ತು ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದ. "ಯಾಕವ್ವಾ?" ಅಂದ. ಅಷ್ಟೇ. ಬೈಯಲಿಲ್ಲ. ಮತ್ತೆ ಓಬಕ್ಕನ ಕಡೆ ತಿರುಗಿ, "ಯಾರಾದ್ರೂ ಆಗ್ಲಿ, ನೀರು ಹೊಯ್ರೋ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಕೂಗತೊಡಗಿದ. ಸುಣ್ಣಕ್ಕೆ ನೀರು ಹೊಯ್ದು ಹೆಣ್ಣುಮಗಳನ್ನು ಸುಟ್ಟವನು, ಈಗ ಕಣ್ಣಿಗೂ ನೀರು ಹೊಯ್ಯಿರಿ ಅನ್ನುತ್ತಿದ್ದಾನೆ — ಅವನ ಮಾತನ್ನು ಯಾರು ಕೇಳುತ್ತಾರೆ? ಓಬಕ್ಕನ ಗಂಡ ರುದ್ರಣ್ಣ ಅವನ ಕುತ್ತಿಗೆ ಹಿಡಿದು ನೂಕಿದ. ಅವನ ಕರಣೆ, ಮಟ್ಟಗೋಲು, ಎಲ್ಲವನ್ನೂ ಬೀದಿಗೆ ಎಸೆದರು. ಓಬಕ್ಕನನ್ನು ಒಳಗೆ ಹೊತ್ತುಕೊಂಡು ಹೋಗಿ ಕಣ್ಣಿಗೆ ಹರಳೆಣ್ಣೆ ಬಿಟ್ಟರು. ನನ್ನ ಕೈಯಲ್ಲಿದ್ದ ತಂಬಿಗೆಯ ನೀರು ಹಾಗೇ ಇತ್ತು.

ದಾವಣಗೆರೆಗೆ ಗಾಡಿಯಲ್ಲಿ ಕರೆದೊಯ್ಯುವಷ್ಟರಲ್ಲಿ ಎರಡು ದಿನವಾಗಿತ್ತು. ಕಣ್ಣು ಹೋಗಿತ್ತು. ಎಷ್ಟೋ ವರ್ಷದ ಮೇಲೆ, ಸಿಡುಬು ಬರದಂತೆ ದೇವಿ ಹಾಕಲು ಊರಿಗೆ ಬಂದಿದ್ದ ಕಾಂಪೌಂಡರನ್ನು ಒಬ್ಬಳೇ ಇದ್ದಾಗ ಕೇಳಿದೆ — ಓಬಕ್ಕನ ಕಣ್ಣಿಗೆ ಸುಣ್ಣ ಬಿದ್ದಾಗ ಏನು ಮಾಡಬೇಕಿತ್ತು ಸ್ವಾಮಿ? "ತಡ ಮಾಡದೆ ನೀರು. ಕೊಡಗಟ್ಟಲೆ ನೀರು. ಒಂದು ಕಣ್ಣಾದರೂ ಉಳಿಯುತ್ತಿತ್ತೋ ಏನೋ" ಎಂದರು. ಅಂದರೆ ನನ್ನ ತಪ್ಪು ಒಂದಲ್ಲ. ನೀರು ಹೊಯ್ದದ್ದು ಆತುರ. ಆಮೇಲೆ ಆಡಿದ ಮೂರು ಮಾತು — ಅದು ಆತುರವಲ್ಲ. ಆ ಮೂರು ಮಾತಿನಿಂದ, ನಿಜ ಗೊತ್ತಿದ್ದ ಒಬ್ಬನೇ ಒಬ್ಬನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದೆ. "ನಾನು ಹೊಯ್ದೆ" ಎಂದಿದ್ದರೆ ಸಿದ್ದಜ್ಜ ಅವನ ಮಾತು ಕೇಳುತ್ತಿದ್ದ. ಖಂಡಿತ ಕೇಳುತ್ತಿದ್ದ.

ಮಳೆ ಬಂತು. ತೊಟ್ಟಿಯ ಕೆಲಸ ನಿಂತಿತು. ಮುಂದಿನ ಬೇಸಿಗೆಯಲ್ಲೂ ಯಾರೂ ಅದರ ಹೆಸರೆತ್ತಲಿಲ್ಲ. ಓಬಕ್ಕನ ಅಂಗಳದ ಗುಂಡಿಗೆ ರುದ್ರಣ್ಣ ಮಣ್ಣು ತುಂಬಿದ. ಆರು ಮನೆಯಲ್ಲಿ ಬೇಳೆ ಬೇಯುತ್ತಿತ್ತು. ಎಂಟು ಮನೆಯ ಹೆಂಗಸರು ಕೊಡ ಹೊತ್ತುಕೊಂಡು ಹಳ್ಳಕ್ಕೆ ನಡೆದೆವು. ಮೊದಲೆಲ್ಲ ಆರು ಮನೆಯವರು ನೀರು ಕೊಡುತ್ತಿದ್ದರು. ಆಮೇಲೆ, ಕೊಡುವ ಕೈಯೂ ಕೇಳುವ ಬಾಯಿಯೂ ಹಿಂಜರಿಯತೊಡಗಿದವು. ಒಂದಾಗಿದ್ದ ಕೇರಿ ನೀರಿದ್ದವರು, ಇಲ್ಲದವರು ಎಂದು ಎರಡಾಯಿತು.

ನಾನು ಓಬಕ್ಕನಿಗೂ ಸೇರಿಸಿ ನೀರು ತರತೊಡಗಿದೆ. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಅವಳ ಜಗುಲಿಯ ಮೇಲೆ ಕೊಡ ಇಳಿಸಿ, ಮುಖ ತೊಳೆಯಲು ಅವಳ ಬೊಗಸೆಗೆ ನೀರು ಬಿಡುತ್ತಿದ್ದೆ. ಆ ಹೊತ್ತಿನಲ್ಲಿ ಅವಳು ದಿನಾ ಒಂದೇ ಮಾತು ಆಡುತ್ತಿದ್ದಳು, ದೇವರಿಗೆ ಕೈಮುಗಿದ ಹಾಗೆ:

"ನನ್ನ ಕಣ್ಣು ತಿಂದ ಆ ಸುಣ್ಣದೋನ ಮನೆ ದೀಪ ಆರಲಿ. ಅವನ ಮಕ್ಕಳ ಮುಖ ಅವನಿಗೆ ಕಾಣದಂಗಾಗಲಿ."

ನಾನು ನೀರು ಬಿಡುತ್ತಲೇ ಇರುತ್ತಿದ್ದೆ. ಹನ್ನೊಂದು ವರ್ಷ. ಒಂದು ದಿನವೂ ಆ ಮಾತು ತಪ್ಪಿಸಲಿಲ್ಲ ಅವಳು. ಒಂದು ದಿನವೂ ಬಾಯಿ ಬಿಡಲಿಲ್ಲ ನಾನು. ಅವಳು ಶಪಿಸುತ್ತಿದ್ದುದು ನನ್ನನ್ನೇ, ಹೆಸರು ಮಾತ್ರ ಬೇರೆ — ಹಾಗೆ ಅಂದುಕೊಂಡು ಒಳಗೊಳಗೇ ಸಮಾಧಾನ ಮಾಡಿಕೊಂಡದ್ದೂ ಉಂಟು. ಶಿಕ್ಷೆ ಅನುಭವಿಸುತ್ತಿದ್ದೇನೆ ಅನ್ನುವ ಸಮಾಧಾನ! ಎಂಥ ನಾಚಿಕೆಗೇಡು.

ಪಾರ್ವತಿಗೆ ಹದಿಮೂರು ತುಂಬುವ ಹೊತ್ತಿಗೆ ಮದುವೆಯ ಮಾತು ಬಂತು. ಚನ್ನಗಿರಿ ಕಡೆಯ ಗಂಡು. ನೋಡಿ ಒಪ್ಪಿ ಹೋದ ಮರುದಿನ ಬೆಳಿಗ್ಗೆ ಓಬಕ್ಕ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಬೆರಳಲ್ಲೇ ಆರಿಸುತ್ತಿದ್ದಳು. ನಾನು ಕೊಡ ಇಳಿಸಿದೆ.

"ಬಾ ಹಾಲಿ, ಇಲ್ಲಿ ಕುಂದ್ರು. ಒಂದು ಕೇಳ್ತೀನಿ, ನಗಬ್ಯಾಡ. ನನ್ನ ಮಗಳು ಹೆಂಗವಳೆ? ಎಲ್ಲರೂ ಚೆಂದ ಅವಳೆ ಅಂತಾರೆ. ಚೆಂದ ಅಂದ್ರೆ ಹೆಂಗೆ? ಮೂಗು ಯಾರ್ದು, ಹಣೆ ಯಾರ್ದು? ನನಗೆ ಆ ತೊಟ್ಟಿಲ ಕೂಸೇ ಕಣ್ಮುಂದೆ ಐತೆ. ಕೂಸನ್ನ ಹೆಂಗೆ ಧಾರೆ ಎರೀಲಿ?"

ನಾನು ಹೇಳತೊಡಗಿದೆ. ಹಣೆ ನಿನ್ನದೇ ಅಕ್ಕ, ಅಗಲ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಹುಬ್ಬು… ಅಷ್ಟರಲ್ಲೇ ಅವಳು ನನ್ನ ಕೈಯನ್ನು ತಡಕಿ ಹಿಡಿದುಕೊಂಡಳು.

"ನೀನು ನನ್ನ ಕಣ್ಣು ಕಣೇ. ನಿನ್ನ ಋಣ ಏಳು ಜನ್ಮಕ್ಕೂ ತೀರಾಕಿಲ್ಲ."

ಆ ಕೈಯನ್ನು ಹಿಡಿದುಕೊಂಡು ಕೂರಲು ನನ್ನಿಂದ ಆಗಲಿಲ್ಲ. "ಅಕ್ಕಾ, ಸುಣ್ಣಕ್ಕೆ ನೀರು ಹೊಯ್ದೋಳು ನಾನು" ಎಂದೆ. "ತಿಪ್ಪಣ್ಣ ಅಲ್ಲ. ನಾನು ಹೊಯ್ದೆ. ನಾನೇ ಸುಳ್ಳು ಹೇಳ್ದೆ."

ಅವಳು ಕೈ ಬಿಡಲಿಲ್ಲ. ಮಾತು ಇನ್ನೂ ಅವಳವರೆಗೆ ತಲುಪಿಲ್ಲವೇನೋ ಅನ್ನುವ ಹಾಗೆ. ಆಮೇಲೆ ಮೆಲ್ಲಗೆ ಬಿಟ್ಟಳು. ಸೆರಗಿನಲ್ಲಿ ಬೆರಳು ಒರೆಸಿಕೊಂಡಳು.

"ಹಂಗಾದ್ರೆ ಹನ್ನೊಂದು ವರ್ಷ ನಾನು ಯಾರಿಗೆ ಶಾಪ ಹಾಕಿದೆ?"

ಮೊರವನ್ನು ಪಕ್ಕಕ್ಕೆ ತಳ್ಳಿದಳು.

"ದಿನಾ ಹಾಕೀನಲ್ಲೇ. ನೀನು ಮುಂದೆ ನಿಂತು ನೀರು ಬಿಡ್ತಿದ್ದೆ, ನಾನು ಹಾಕ್ತಿದ್ದೆ. ಅವನ ಮಕ್ಕಳನ್ನೂ ಬಿಡಲಿಲ್ಲ." ದನಿ ಏರಲಿಲ್ಲ. "ಕಣ್ಣು ಹೋದ್ರೆ ಹೋತು, ಬಾಯಿನಾದ್ರೂ ಚೊಕ್ಕ ಐತೆ ಅಂದ್ಕೊಂಡಿದ್ದೆ. ಅದನ್ನೂ ಕೆಡಿಸಿಬಿಟ್ಟೆ ನೀನು."

ನಾನು ಕಾಲು ಹಿಡಿಯಲು ಬಗ್ಗಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನಾಳೆಯಿಂದ ನೀರು ತರಬ್ಯಾಡ. ಅವನ ಊರು ಯಾವುದು?"

"ಸಾಸ್ವೆಹಳ್ಳಿ."

"ಕರಕೊಂಡು ಹೋಗು."

ಆದರೆ ಅವತ್ತೂ ನಾನು ಎಲ್ಲವನ್ನೂ ಹೇಳಿರಲಿಲ್ಲ. ನೀರು ಹೊಯ್ದದ್ದು ಹೇಳಿದೆ, ಸುಳ್ಳು ಹೇಳಿದ್ದು ಹೇಳಿದೆ. ತಿಪ್ಪಣ್ಣ ನೀರು ಹೊಯ್ರಿ ಎಂದು ಕಾಲಿಗೆ ಬಿದ್ದದ್ದನ್ನು ಹೇಳಲಿಲ್ಲ. ಅವಳು ನೋವಿನಲ್ಲಿ ಒದ್ದಾಡುತ್ತಿದ್ದಳು, ಕೇಳಿಸಿಕೊಂಡಿರಲಿಲ್ಲ. ಕೇಳಿದ್ದ ಊರವರೂ ಆ ಮಾತನ್ನು ಆಮೇಲೆ ಎಂದೂ ಎತ್ತಿರಲಿಲ್ಲ — ಕೇಳಿಯೂ ನೀರು ಹೊಯ್ಯದವರು ಅವರೂ ಆಗಿದ್ದರಲ್ಲ. ಅದೊಂದು ಮಾತು ಉಳಿದರೆ ಉಳಿಯಲಿ ಅಂದುಕೊಂಡೆ. ತಪ್ಪೊಪ್ಪಿಕೊಳ್ಳುವಾಗಲೂ ನನಗಾಗಿ ಒಂದು ಮೂಲೆ ಉಳಿಸಿಕೊಂಡೆ.

ರುದ್ರಣ್ಣನಿಗೆ ಹರಕೆ ಎಂದು ಹೇಳಿ ಇಬ್ಬರೂ ಹೊರಟೆವು. ದಾವಣಗೆರೆಗೆ ಒಂದು ಬಸ್ಸು, ಹೊನ್ನಾಳಿಗೆ ಇನ್ನೊಂದು, ಅಲ್ಲಿಂದ ಗಾಡಿ. ದಾರಿಯುದ್ದಕ್ಕೂ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟೇ ನಡೆದಳು. ಬೇರೆ ದಾರಿ ಇರಲಿಲ್ಲ. ಒಂದು ಮಾತೂ ಆಡಲಿಲ್ಲ. ಗದ್ದೆಯ ನೀರಿನ ವಾಸನೆ ಬಂದಾಗ ಮಾತ್ರ, "ಇಲ್ಲಿ ಹೊಳೆ ಐತೇನು?" ಎಂದು ಗಾಡಿಯವನನ್ನು ಕೇಳಿದಳು.

ತಿಪ್ಪಣ್ಣ ಬದುಕಿದ್ದ. ಮನೆಯ ಮುಂದೆ ಕೂತು, ಎಲೆಗೆ ಹಚ್ಚುವ ಸುಣ್ಣವನ್ನು ಸಣ್ಣ ಸಣ್ಣ ಮಡಕೆಗೆ ತುಂಬುತ್ತಿದ್ದ. ನಮ್ಮೂರಿನ ಸುದ್ದಿ ಅವನಿಗಿಂತ ಮುಂಚೆ ದಾವಣಗೆರೆ ಮುಟ್ಟಿತ್ತಂತೆ. ಹೆಣ್ಣುಮಗಳ ಕಣ್ಣು ಸುಟ್ಟವನನ್ನು ಆಮೇಲೆ ಯಾರೂ ಗಾರೆ ಕೆಲಸಕ್ಕೆ ಕರೆಯಲಿಲ್ಲ. ಸಂತೆಯಲ್ಲಿ ಎಲೆಸುಣ್ಣ ಮಾರಿ ಬದುಕಿದ್ದ. ಅವನ ಸೊಸೆ ಇದನ್ನೆಲ್ಲ ಹೇಳಿದಳು, ಅವನು ಹೇಳಲಿಲ್ಲ.

ಓಬಕ್ಕ ಅವನ ಮುಂದೆ ನೆಲಕ್ಕೆ ಹಣೆ ಹಚ್ಚಿದಳು. "ಅಣ್ಣಾ, ನಾನು ನಿನಗೆ ಬಾಳ ಶಾಪ ಹಾಕೀನಿ. ನಿನ್ನದೇನೂ ತಪ್ಪಿರಲಿಲ್ಲ. ಅದನ್ನೆಲ್ಲ ವಾಪಸು ತಗಳಾಕೆ ಬಂದೀನಿ."

ತಿಪ್ಪಣ್ಣ ಎದ್ದು ಬಂದು ಅವಳೆದುರು ಕೂತ. ಬಹಳ ಹೊತ್ತು ಅವಳ ಕಣ್ಣನ್ನೇ ನೋಡಿದ.

"ಶಾಪ ನನಗೆ ತಟ್ಟಿಲ್ಲ ತಾಯಿ. ಮಕ್ಕಳು ಚೆನ್ನಾಗವರೆ" ಎಂದ. "ನನಗೆ ತಟ್ಟಿದ್ದು ಬ್ಯಾರೆ. ಅವತ್ತು ನಾನು ಇನ್ನೂ ಜೋರಾಗಿ ಕೂಗಬೇಕಿತ್ತು. ನೀರು ಹೊಯ್ರಿ, ನೀರು ಹೊಯ್ರಿ ಅಂತ ಬಡಕೊಂಡೆ. ಒಂದು ತಂಬಿಗೆನಾದ್ರೂ ನಾನೇ ಕಿತ್ತುಕೊಂಡು ಹೊಯ್ಯಬೇಕಿತ್ತು. ಈ ತಾಯಿ ಕೈಯಾಗೆ ತಂಬಿಗೆ ಇತ್ತು. ಹೊಯ್ದಿದ್ರೆ ಒಂದು ಕಣ್ಣು ಉಳೀತಿತ್ತು."

ಓಬಕ್ಕ ತಲೆ ಎತ್ತಿದಳು. ನಾನು ನಿಂತಿದ್ದ ಕಡೆಗೆ ಮುಖ ತಿರುಗಿಸಿದಳು.

"ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ತಿಪ್ಪಣ್ಣ ನನ್ನನ್ನು ನೋಡಲೂ ಇಲ್ಲ, ಬೈಯಲೂ ಇಲ್ಲ. ಅವನು ಏನಾದರೂ ಅನ್ನಲಿ ಎಂದು ನಾನು ಕಾದದ್ದು ನಿಜ. ಸೊಸೆ ಮಜ್ಜಿಗೆ ತಂದಳು. ಓಬಕ್ಕ ಕುಡಿದಳು. ಹೊರಡುವಾಗ, "ನಮ್ಮೂರಾಗೆ ಇನ್ನೂ ಎಂಟು ಮನೆಗೆ ನೀರಿಲ್ಲಣ್ಣ" ಎಂದಳು. ತಿಪ್ಪಣ್ಣ ಇಲ್ಲ ಎಂದು ತಲೆಯಾಡಿಸಿದ, ಅವಳಿಗೆ ಕಾಣದೆಂದು ನೆನಪಾಗಿ ಬಾಯಲ್ಲಿ ಹೇಳಿದ: "ಆ ಊರಿಗೆ ನಾನು ಬರಾಕಿಲ್ಲ ತಾಯಿ. ಕಾಲು ಏಳಾಕಿಲ್ಲ."

ಓಬಕ್ಕ ಹೊನ್ನಾಳಿಯವರೆಗೆ ಅವನ ಸೊಸೆಯ ಕೈ ಹಿಡಿದು ಬಂದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತರೂ ಮೈ ತಾಗದ ಹಾಗೆ ಕೂತಳು. ಜಗಳೂರಿನಲ್ಲಿ ಇಳಿದ ಮೇಲೆ ಒಂದೇ ಒಂದು ಮಾತು: "ಊರಿಗೆ ನೀನೇ ಹೇಳು. ಪೂರ್ತಿ ಹೇಳು."

ಚಾವಡಿಯಲ್ಲಿ ಹೇಳಿದೆ. ಗಂಡನಿಗೆ, ಅತ್ತೆಗೆ, ಕೇರಿಯವರಿಗೆಲ್ಲ ಒಟ್ಟಿಗೇ. ರುದ್ರಣ್ಣ ಕೇಳಿ ಎದ್ದು ಹೋದ. ನಮ್ಮ ಎರಡು ಮನೆಯ ನಡುವಿನ ಹಿತ್ತಿಲ ದಾರಿಗೆ ಅವತ್ತೇ ಕಲ್ಲು ಪೇರಿಸಿ ಮುಚ್ಚಿದ. ಸಿದ್ದಜ್ಜ ಈಗ ನಡೆಯಲಾರ; ಮೊಮ್ಮಗನ ಹೆಗಲು ಹಿಡಿದು ಬಂದಿದ್ದ. ತನ್ನ ಎದೆ ಮುಟ್ಟಿಕೊಂಡು, "ಅವತ್ತು ಕೇಳಬಾರದ ಹೊತ್ನಾಗೆ ಕೇಳಿದೋನು ನಾನು. ಹೇಳಬಾರದ್ದನ್ನ ಹೇಳಿದೋಳು ನೀನು" ಎಂದ. ಆಮೇಲೆ, "ಎಂಟು ಮನೆ ನೀರೂ ನೀನೇ ಕುಡಿದಂಗಾತಲ್ಲವ್ವ" ಎಂದು ಅತ್ತ. ನನ್ನ ಗಂಡ ನನ್ನನ್ನು ಹೊಡೆಯಲಿಲ್ಲ, ಬಿಡಲೂ ಇಲ್ಲ. ಮಾತು ಮಾತ್ರ ಕಡಿಮೆಯಾಗಿದೆ.

ಬಾಯಲ್ಲಿ ಹೇಳಿದ್ದು ಊರ ಗಡಿ ದಾಟುವುದಿಲ್ಲ, ತಿಪ್ಪಣ್ಣನ ಹೆಸರು ಕೆಟ್ಟ ಕಡೆಗೆಲ್ಲ ಹೋಗಬೇಕು, ಬರೆದು ಕಳಿಸಬೇಕು ಎಂದು ಓಬಕ್ಕ ಪಾರ್ವತಿಯ ಕೈಲಿ ಹೇಳಿಕಳಿಸಿದಳು. ಸಾಸ್ವೆಹಳ್ಳಿಗೆ ಒಂದು, ದಾವಣಗೆರೆಯ ಗಾರೆ ಕೆಲಸದವರ ಕೇರಿಗೆ ಒಂದು, ನಮ್ಮ ಚಾವಡಿಗೆ ಒಂದು — ಮೂರು ಪ್ರತಿ ಮಾಡುತ್ತಿದ್ದೇನೆ.

ನಿನ್ನೆ ಪಾರ್ವತಿಯ ಮದುವೆಯಾಯಿತು. ನನ್ನನ್ನು ಕರೆಯಲಿಲ್ಲ, ಕರೆಯುವುದು ನ್ಯಾಯವೂ ಅಲ್ಲ. ಇವತ್ತು ಬೆಳಿಗ್ಗೆ ಹೆಣ್ಣು ಕಳಿಸುವ ಗಾಡಿ ನಮ್ಮ ಬಾಗಿಲ ಮುಂದಿನಿಂದಲೇ ಹೋಯಿತು. ಓಬಕ್ಕ ಕೋಲೂರಿಕೊಂಡು ಅದರ ಹಿಂದೆ ಬಂದಳು. ಚಕ್ರದ ಸದ್ದು ಪೂರ್ತಿ ಅಡಗುವವರೆಗೆ ಬೀದಿಯ ನಡುವೆ ನಿಂತಿದ್ದಳು. ನಾನು ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ.

"ಅಲ್ಲೇ ಇದ್ದೀಯಾ?"

"ಇದ್ದೀನಕ್ಕ."

"ಬರೆಯೋದು ಮುಗೀತಾ?"

"ಇವತ್ತು ಮುಗೀತೈತೆ."

"ಈ ಸಲ ಏನೂ ಬಿಡಬ್ಯಾಡ" ಅಂದಳು. ಕೋಲಿನಿಂದ ದಾರಿ ತಡಕುತ್ತಾ ಮನೆಗೆ ಹೋದಳು.

ಬಿಟ್ಟಿಲ್ಲ.